ದೇವರಿಗೆ ಅಡ್ಡ ನಿಂತವನು

"ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ, ದೇವರು ಕಾಣುವುದಿಲ್ಲ."

ಬೆನ್ನ ಹಿಂದಿನಿಂದ ಬಂದ ಈ ಮಾತು ಇವತ್ತಿಗೂ ಕಿವಿಯಲ್ಲಿ ಕೂತಿದೆ. ಹೇಳಿದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ. ಜಾಗ ಮಂಗಳೂರಿನ ಕದ್ರಿ ಮಂಜುನಾಥನ ದೇವಸ್ಥಾನ. ನಾನು ಲೋಕೇಶ್ವರನ ಎದುರು ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಕಾಗೆಯ ಹಾಗೆ ಕತ್ತು ಓರೆ ಮಾಡುತ್ತಿದ್ದೆ.

ಮೂರು ಮುಖ, ಆರು ಕೈಗಳ ಆ ಕಂಚಿನ ಮೂರ್ತಿಯ ಕಿರೀಟದಲ್ಲಿ ಪುಟ್ಟ ಧ್ಯಾನಿಬುದ್ಧ ಇದ್ದಾನೆಂದು ಓದಿದ್ದೆ. ಈ ಲೋಕೇಶ್ವರ ಬೌದ್ಧರ ಅವಲೋಕಿತೇಶ್ವರನೇ ಎನ್ನಲು ಅದೊಂದು ಗುರುತಿನ ಚೀಟಿ. ಕಣ್ಣಾರೆ ನೋಡೋಣವೆಂದು ಬಂದರೆ ಕಿರೀಟದ ಮೇಲೆ ಮಲ್ಲಿಗೆ! ಯಾರನ್ನಾದರೂ ಬೈಯೋಣವೆಂದರೆ ಆ ಮಲ್ಲಿಗೆ ನನ್ನದೇ. ದೇವಸ್ಥಾನಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಹೊರಗೆ ಒಂದು ಚೆಂಡು ಕೊಂಡಿದ್ದೆ. ಭಟ್ಟರು ಅದನ್ನು ಪ್ರೀತಿಯಿಂದ, ಎಲ್ಲಿ ಇಡಬಾರದಿತ್ತೋ ಸರಿಯಾಗಿ ಅಲ್ಲೇ ಇಟ್ಟರು.

"ಎಂತ ಹುಡುಕುವುದು ನೀವು?" ಅಮ್ಮ ಕೇಳಿದರು. ಬುದ್ಧನನ್ನು ಎನ್ನಲು ಬಾಯಿ ಬರಲಿಲ್ಲ. ಸರಿದು ನಿಂತೆ.

ಹಾಗೆ ಸರಿದು ನಿಂತಾಗ ನೆನಪಾದದ್ದು ಸಾರನಾಥ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಧರ್ಮಚಕ್ರ ಮುದ್ರೆಯ ಬುದ್ಧನಿದ್ದಾನೆ. ಗುಪ್ತರ ಕಾಲದ, 5ನೇ ಶತಮಾನದ ಕೆಲಸ; ಚುನಾರದ ಮರಳುಗಲ್ಲು. 1904-05ರಲ್ಲಿ ಓರ್ಟೆಲ್ ಎಂಬ ಇಂಜಿನಿಯರ್ ಅಗೆಸಿದಾಗ ಸಿಕ್ಕಿದ್ದು. ನಮ್ಮ ರಾಷ್ಟ್ರಲಾಂಛನದ ಸಿಂಹಗಳೂ ಅದೇ ಅಗೆತದಲ್ಲಿ ಮೇಲೆ ಬಂದವು, ಈಗ ಅದೇ ಕಟ್ಟಡದಲ್ಲಿವೆ.

ಅಲ್ಲಿ ಹೂವಿಲ್ಲ, ಭಟ್ಟರಿಲ್ಲ, ಹೊಗೆಯಿಲ್ಲ. ನೋಡುವವನಿಗೆ ಹಬ್ಬ. ರೆಪ್ಪೆಗಳು ಅರ್ಧ ಇಳಿದಿವೆ. ಬಟ್ಟೆ ಎಷ್ಟು ನವಿರೆಂದರೆ ಅಂಚು ಕಂಡಾಗ ಮಾತ್ರ ಉಟ್ಟಿದ್ದಾನೆಂದು ತಿಳಿಯುತ್ತದೆ. ಪೀಠದ ನಡುವೆ ಚಕ್ರ, ಅದರ ಅತ್ತಿತ್ತ ಮೊದಲ ಉಪದೇಶ ಕೇಳಿದ ಐವರು ಶಿಷ್ಯರು. ಎಣಿಸಿದರೆ ಇಬ್ಬರು ಹೆಚ್ಚಿಗೆ ಸಿಗುತ್ತಾರೆ: ಒಬ್ಬ ಹೆಂಗಸು, ಒಂದು ಮಗು. ಮೂರ್ತಿ ಮಾಡಿಸಿಕೊಟ್ಟ ತಾಯಿ ಇರಬೇಕು ಎನ್ನುತ್ತಾರೆ. ಸಾವಿರದೈನೂರು ವರ್ಷಗಳಿಂದ ಆಕೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಪದೇಶ ಕೇಳುತ್ತಿದ್ದಾಳೆ. ಮಗುವೂ ಗಲಾಟೆ ಮಾಡಿಲ್ಲ.

ನಾನು ಈ ಏಳು ಜನರನ್ನು ಬಗ್ಗಿ ಬಗ್ಗಿ ಎಣಿಸುತ್ತಿದ್ದಾಗ ಶ್ರೀಲಂಕಾದ ಯಾತ್ರಿಕರ ಗುಂಪೊಂದು ಬಂತು. ಎಲ್ಲರೂ ಬಿಳಿಯುಡುಗೆ. ಕಾವಲಿನವನು ಹಿಂದಿಯಲ್ಲಿ ಮುಂದೆ ನಡೀರಿ, ಮುಂದೆ ನಡೀರಿ ಎನ್ನುತ್ತಲೇ ಇದ್ದ. ಅವರಲ್ಲೊಬ್ಬ ಅಜ್ಜಿ ಚಪ್ಪಲಿ ಕಳಚಿ ಗೋಡೆಯ ಬದಿಗಿಟ್ಟರು. ಕೈಯಲ್ಲಿ ಹೂವಿರಲಿಲ್ಲ. ಇದ್ದಿದ್ದರೂ ಇಡುವ ಹಾಗಿರಲಿಲ್ಲ. ಹೂ ಹಿಡಿದವರಂತೆ ಬೊಗಸೆ ಮಾಡಿ, ಆ ಖಾಲಿ ಬೊಗಸೆಯನ್ನೇ ಮುಂದೆ ನೀಡಿ ನಿಂತರು. ನೀಡಿದ್ದು ಬುದ್ಧನಿಗೆ, ತಲುಪಿದ್ದು ನನ್ನ ಬೆನ್ನಿಗೆ. ತಿರುಗಿ ನೋಡುವ ಹೊತ್ತಿಗೆ ಗುಂಪು ಮುಂದೆ ಸರಿದಿತ್ತು. ಅಜ್ಜಿ ಚಪ್ಪಲಿ ಕೈಯಲ್ಲೇ ಹಿಡಿದು ಹೊರಟಿದ್ದರು. ಅವರು ನನಗೆ ಏನೂ ಹೇಳಲಿಲ್ಲ. ಕದ್ರಿಯ ಅಮ್ಮ ಅವರದನ್ನೂ ಸೇರಿಸಿ ಹೇಳಿದ ಹಾಗಾಯಿತು.

ಸಾರನಾಥದ ಬುದ್ಧನಿಗೆ ಶುಕ್ರವಾರ ರಜೆ. ಲೋಕೇಶ್ವರನಿಗೆ ರಜೆಯಿಲ್ಲ. 968ರಲ್ಲಿ ಆಳುಪ ದೊರೆ ಕುಂದವರ್ಮ ಅವನನ್ನು ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಅದೇ ಶಾಸನದಲ್ಲಿ ದೊರೆ ತಾನು ಚಂದ್ರನನ್ನು ಮುಡಿದ ಶಿವನ ಪಾದಕಮಲದ ದುಂಬಿ ಎಂದೂ ಹೇಳಿಸಿಕೊಂಡಿದ್ದಾನೆ. ಹಾಗಾದರೆ ಇವನು ಬೌದ್ಧನೋ ಶೈವನೋ ಎಂದು ಪಂಡಿತರು ಸಾಕಷ್ಟು ಜಗ್ಗಾಡಿದ್ದಾರೆ. ದೊರೆಗೆ ಮಾತ್ರ ಗೊಂದಲವಿದ್ದಂತಿಲ್ಲ. ಆಮೇಲೆ ವಿಹಾರ ಹೋಯಿತು. ಗುಡ್ಡದ ಮೇಲೆ ನಾಥಪಂಥದ ಜೋಗಿಗಳ ಮಠ ಬಂತು. ಲೋಕೇಶ್ವರ ಕೆಲವರಿಗೆ ಬ್ರಹ್ಮನಾದ, ಕೆಲವರಿಗೆ ತ್ರಿಲೋಕೇಶ್ವರನಾದ.

ಹೆಸರು ತಪ್ಪಿತೆಂದು ನನ್ನಂಥವರು ಹಲ್ಲು ಕಡಿಯಬಹುದು. ಆದರೆ ಕಂಚು ಎಂದರೆ ಕರಗಿಸಿದರೆ ಗಂಟೆ, ಎರಕ ಹೊಯ್ದರೆ ಪಾತ್ರೆ. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಿರುವ ಅಷ್ಟು ಕಂಚನ್ನು ಸಾವಿರ ವರ್ಷ ಯಾರೂ ಒಲೆಗೆ ಹಾಕಲಿಲ್ಲ. ಏಕೆಂದರೆ ಯಾವುದೋ ಒಂದು ಹೆಸರಿನಲ್ಲಿ ಯಾರೋ ಒಬ್ಬರು ಹೂವಿಡುತ್ತಲೇ ಬಂದಿರಬೇಕು. ಹೂವು ನಿಂತುಹೋದ ಸಾರನಾಥದಲ್ಲಿ ಬುದ್ಧ ಮಣ್ಣಿನಡಿ ಮಲಗಿದ್ದ, ಓರ್ಟೆಲ್ ಬರುವವರೆಗೆ.

ಕಳೆದ ತಿಂಗಳು ಮತ್ತೆ ಕದ್ರಿಗೆ ಹೋಗಿದ್ದೆ. ಕಿರೀಟದ ಬುದ್ಧ ಈ ಸಲವೂ ಕಾಣಲಿಲ್ಲ. ಒಂದು ಚೆಂಡು ಮಲ್ಲಿಗೆ ಒಯ್ದಿದ್ದೆ.