ನಮ್ಮನೆಯ ಚಿಕ್ಕಪ್ಪ

ಏಳನೇ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಆಯ್ತು. ಆ ವಾರ ಊರಿಗೆ ಹೋಗುವಾಗ ಬಸ್ಸಿನಲ್ಲಿ ಓದಿದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಬಂದ ಪುಟ್ಟ ಕಾದಂಬರಿ, ಬೆಂಗಳೂರಿನ ಒಂದು ಮನೆಯ ಕತೆ. ಅಪ್ಪನ ಸೇಲ್ಸ್‌ಮನ್ ಸಂಬಳದಲ್ಲಿ ಪೈಸೆ ಪೈಸೆ ಲೆಕ್ಕ ಹಾಕಿ, ಇರುವೆಗಳ ಜೊತೆ ಗುದ್ದಾಡಿಕೊಂಡು ಒಟ್ಟಿಗೆ ಬದುಕಿದವರು, ಚಿಕ್ಕಪ್ಪನ ಸೋನಾ ಮಸಾಲಾ ಕೈ ಹಿಡಿದಮೇಲೆ ಬೇರೆಯೇ ಜನ ಆಗ್ತಾರೆ. ದುಡಿಯೋ ಚಿಕ್ಕಪ್ಪನ ಮರ್ಜಿಯೇ ಮನೆಯ ಕಾನೂನು.

1991ರ ಉದಾರೀಕರಣದಿಂದ ದೇಶ ಹೇಗೆ ಬದಲಾಯ್ತು ಅಂತ ಕ್ಲಾಸಿನಲ್ಲಿ ಗ್ರಾಫ್ ನೋಡಿದ್ದೆ. ಊಟದ ತಟ್ಟೆಯ ಸುತ್ತ ಏನು ಬದಲಾಯ್ತು ಅನ್ನೋದು ಅದರಲ್ಲಿ ಇರಲಿಲ್ಲ.

ಬೆಳಗ್ಗೆ ಅಮ್ಮ ಮೊದಲ ಬಿಸಿ ದೋಸೆ ನನಗೆ ಹಾಕಿದಳು. ಇಷ್ಟು ದಿನ ಅದು ಅಪ್ಪನದು. ಬೋರ್‌ವೆಲ್ ಮೋಟಾರು ರಿಪೇರಿಯೋ ಹೊಸದೋ ಅಂತ ಅಪ್ಪ ನನ್ನ ಮುಖ ನೋಡಿದರು. ಇಪ್ಪತ್ತೊಂದು ವರ್ಷದಲ್ಲಿ ಅವರು ನನ್ನ ಅಭಿಪ್ರಾಯ ಕೇಳಿದ್ದೇ ಇಲ್ಲ. ತಂಗಿ ಜೊತೆ ಜಗಳ ಆಯ್ತು. ತಪ್ಪು ನನ್ನದು, ಬೈಸಿಕೊಂಡದ್ದು ಅವಳು. (ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಇತ್ತು.) ಇನ್ನೂ ಒಂದು ರೂಪಾಯಿ ಸಂಬಳ ಬಂದಿಲ್ಲ!

ಪುಸ್ತಕ ತಂಗಿ ಕೈಗೆ ಕೊಟ್ಟು ಬಂದೆ. ನಿನ್ನೆ ಅವಳ ಮೆಸೇಜು: "ಓದಿ ಮುಗೀತು, ಚಿಕ್ಕಪ್ಪ."