ಎಲ್ಲ ಕಿವಿಗಳಿಗೂ ತಲುಪುವ ನಾತ್

ಶ್ರವಣಶಕ್ತಿಯು ಅಲ್ಲಾಹನ ಮಹಾನ್ ಅನುಗ್ರಹಗಳಲ್ಲೊಂದು. ಪವಿತ್ರ ಕುರ್‌ಆನ್ ಅನೇಕ ಕಡೆಗಳಲ್ಲಿ ದೃಷ್ಟಿಗಿಂತ ಮೊದಲು ಶ್ರವಣವನ್ನು ಹೆಸರಿಸುತ್ತದೆ. ಕಿವಿ ಕೇಳದೆ ಜನಿಸಿದ ಎಷ್ಟೋ ಮಕ್ಕಳು ಇಂದು ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣದ ನೆರವಿನಿಂದ ಮಾತು ಕಲಿಯುತ್ತಿದ್ದಾರೆ. ಹಿರಿಯೂರಿನ ನಮ್ಮ ಮದ್ರಸಾದಲ್ಲಿಯೂ ಅಂತಹ ಬಾಲಕನೊಬ್ಬನಿದ್ದಾನೆ.

ಕಳೆದ ಮೀಲಾದ್ ಸಭೆಯಲ್ಲಿ ನಾತ್ ಆರಂಭವಾದೊಡನೆ ಅವನು ಕಿವಿಯ ಹಿಂದಿನ ಸಾಧನವನ್ನು ಕಳಚಿ ಕಿಸೆಗೆ ಹಾಕಿಕೊಂಡನು. ಅದಬ್ ಇಲ್ಲದ ಹುಡುಗನೆಂದು ಹಿರಿಯರೊಬ್ಬರು ಗದರಿದರು. ತಂದೆ ತಲೆತಗ್ಗಿಸಿದರು. ಮರುದಿನ ಬಂದು, "ಇನ್ನು ಅವನನ್ನು ಸಭೆಗೆ ಕರೆತರುವುದಿಲ್ಲ, ಹಜರತ್" ಎಂದರು. ಆ ಮಾತು ನಮ್ಮನ್ನು ಬಹಳ ನೋಯಿಸಿತು. ಏಕೆಂದರೆ ದೋಷ ಮಗುವಿನದಲ್ಲ.

ಆರೋಗ್ಯವಂತ ಒಳಕಿವಿಯಲ್ಲಿ ಸಾವಿರಾರು ಸೂಕ್ಷ್ಮ ಕೋಶಗಳು ಸ್ವರದ ಏರಿಳಿತವನ್ನು ಗ್ರಹಿಸುತ್ತವೆ. ಇಂಪ್ಲಾಂಟಿನಲ್ಲಿ ಆ ಕೆಲಸವನ್ನು ಸುಮಾರು 12ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು. ಮಾತಿಗೆ ಅಷ್ಟು ಸಾಕು, ರಾಗಕ್ಕೆ ಸಾಲದು. ತಾಳ, ಲಯಗಳು ಚೆನ್ನಾಗಿ ತಿಳಿಯುತ್ತವೆ. ಸ್ವರಗಳ ಅಂತರ ಮಸುಕಾಗುತ್ತದೆ. ಹಲವು ಕಂಠಗಳೂ ಮೈಕಿನ ಎಕೋವೂ ಸೇರಿದರೆ ಉಳಿಯುವುದು ಬರಿಯ ಗದ್ದಲ.

ಆದುದರಿಂದ ಮದ್ರಸಾದಲ್ಲಿ ನಾವು ಬೇರೆ ಕ್ರಮ ಹಿಡಿದೆವು. ನಾತ್‌ನ ಸಾಲುಗಳನ್ನು ಮೊದಲೇ ಬರೆದುಕೊಟ್ಟು ಅರ್ಥ ತಿಳಿಸಿದೆವು. ಕಿಟಕಿ ಮುಚ್ಚಿ, ಮೈಕ್ ಇಲ್ಲದೆ, ಒಬ್ಬನೇ ವಿದ್ಯಾರ್ಥಿಯನ್ನು ಅವನೆದುರು ಕೂರಿಸಿ ಹಾಡಿಸಿದೆವು. ಇನ್ನೊಬ್ಬನು ಮೆಲ್ಲನೆ ದಫ್ ಬಾರಿಸಿದನು. ಮದುವೆಯ ಸಂಭ್ರಮದಲ್ಲಿ ದಫ್ ಬಾರಿಸಲು ಪ್ರವಾದಿ(ಸ)ರವರ ಅನುಮತಿಯಿದ್ದುದನ್ನು ಹದೀಸ್‌ಗಳಿಂದ ತಿಳಿಯುತ್ತೇವೆ. ಬಾಲಕನ ಬೆರಳುಗಳು ಚಾಪೆಯ ಮೇಲೆ ತಾಳ ಹಿಡಿದವು. "ಈ ಸಲ ಪದ ಗೊತ್ತಾಯ್ತು, ಹಜರತ್" ಎಂದನು. ರಾಗ ತಿಳಿಯಿತೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೊದಲು ಚೆನ್ನಾಗಿ ಕೇಳುತ್ತಿದ್ದು, ಅನಂತರ ಶ್ರವಣ ಕಳೆದುಕೊಂಡು ಇಂಪ್ಲಾಂಟ್ ಹಾಕಿಸಿಕೊಂಡವರ ಸಂಕಟ ಇನ್ನೊಂದು ಬಗೆಯದು. ನೆನಪಿನಲ್ಲಿರುವ ರಾಗಕ್ಕೂ ಈಗ ಕೇಳಿಸುವುದಕ್ಕೂ ಹೊಂದಿಕೆಯಾಗದೆ ಅವರು ಬೇಸರಗೊಳ್ಳಬಹುದು. ಪರಿಚಿತವಾದ ಒಂದೇ ಹಾಡನ್ನು ಶಾಂತ ಸ್ಥಳದಲ್ಲಿ ಮತ್ತೆ ಮತ್ತೆ ಕೇಳುವುದು ಅವರಿಗೆ ಸಹಾಯಕ. ಶಸ್ತ್ರಚಿಕಿತ್ಸೆಯೊಂದಿಗೆ ಎಲ್ಲವೂ ಮುಗಿಯುವುದಿಲ್ಲ. ಆಲಿಸುವ ತರಬೇತಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಮಾರ್ಗದರ್ಶನ ದೊರೆಯುತ್ತದೆ.

ಪ್ರಿಯ ಓದುಗರೇ, ನಿಮ್ಮ ಊರಿನ ಸಭೆಗಳಲ್ಲಿ ಎಕೋ ತಗ್ಗಿಸಿರಿ. ಅಂತಹ ಮಗುವಿಗೆ ಹಾಡುವವರ ತುಟಿ ಕಾಣುವಂತೆ ಮುಂದಿನ ಸಾಲಿನಲ್ಲಿ ಜಾಗ ಕೊಡಿರಿ. ದಣಿದು ಸಾಧನ ಕಳಚಿದರೆ ಗದರಬೇಡಿರಿ. ಕೇಳುವ ಕಿವಿಯನ್ನು ಪಡೆದವರು ಸಲ್ಲಿಸಬಹುದಾದ ಶುಕ್ರ್‌ಗಳಲ್ಲಿ ಇದೂ ಒಂದು. ಯಾವ ಮಗುವೂ ನಮ್ಮ ಸಭೆಯಿಂದ ಹೊರಗುಳಿಯದಂತೆ ನೋಡಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.