ಇವತ್ತು ಎಷ್ಟು ಹೆಬ್ಬೆಟ್ಟು?

ಸಂಜೆ ನಾನು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು: “ಏನ್ರೀ, ಇವತ್ತು ಎಷ್ಟು ಹೆಬ್ಬೆಟ್ಟು?”

ಮಕ್ಕಳೇ, ನಿಮಗೆ ಈ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಪಕ್ಕದಲ್ಲಿ ಕೂತಿರುವ ನಿಮ್ಮ ತಾತ ಅಜ್ಜಿಗೆ ಖಂಡಿತ ಆಗುತ್ತದೆ. ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ಬ್ಯಾಂಕಿನ ಪ್ರತಿ ಕೌಂಟರಿನಲ್ಲೂ ನೇರಳೆ ಬಣ್ಣದ ಮಸಿಯ ಒಂದು ಪ್ಯಾಡು ಇರುತ್ತಿತ್ತು. ಓದು ಬರಹ ಬಾರದವರು ಹಣ ತೆಗೆಯಲು ಬಂದರೆ ಹೆಬ್ಬೆರಳನ್ನು ಅದರ ಮೇಲೆ ಒತ್ತಿ, ಕಾಗದದ ಮೇಲೆ ಒತ್ತಬೇಕು. ಆಮೇಲೆ ಆ ಬೆರಳನ್ನು ಕೌಂಟರಿನ ಕೆಳಗೆ ಗೋಡೆಗೆ ಒರೆಸುತ್ತಿದ್ದರು. ಎಷ್ಟು ಸಲ ಸುಣ್ಣ ಬಳಿಸಿದರೂ ಆ ಗೋಡೆ ನೇರಳೆಯೇ. ಸಂತೆಯ ದಿನ 20, 25 ಹೆಬ್ಬೆಟ್ಟು ಬೀಳುತ್ತಿದ್ದವು. ನಾನು ಲೆಕ್ಕ ಹೇಳಿದರೆ ಅವಳು “ಹೂಂ” ಎಂದು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಕೆಲಸ ಇನ್ನೂ ಇಷ್ಟು ಬಾಕಿ ಇದೆ ಅನ್ನುವ ಹಾಗೆ.

ಅವಳು ಶಾಲೆಯ ಟೀಚರು. ಟಿ.ಸಿ.ಎಚ್. ಮುಗಿಸಿ 1976ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಳ್ಳಿಗೆ ಸೇರಿದಳು. ನಾವಿದ್ದದ್ದು ಹುಣಸೂರಿನಲ್ಲಿ. ಬೆಳಿಗ್ಗೆ ಏಳೂವರೆಯ ಕೆಂಪು ಬಸ್ಸು, ಇಳಿದ ಮೇಲೆ ಒಂದೂವರೆ ಮೈಲಿ ನಡಿಗೆ. ಎರಡು ಕೋಣೆ, ಇಬ್ಬರು ಶಿಕ್ಷಕರು, ನಾಲ್ಕು ತರಗತಿ. ಒಂದನೆಯ ತರಗತಿ ಯಾವಾಗಲೂ ಅವಳದೇ. ಬೇರೆಯವರು ಒಂದನೇ ಕ್ಲಾಸು ಬೇಡವೆಂದು ತಪ್ಪಿಸಿಕೊಳ್ಳುತ್ತಿದ್ದರು, ಇವಳು ಕೇಳಿ ಪಡೆಯುತ್ತಿದ್ದಳು. ಮೂಗು ಒರೆಸಬೇಕು, ಚಡ್ಡಿಯ ಗುಂಡಿ ಹಾಕಬೇಕು, ಅಳುವವರನ್ನು ಎತ್ತಿಕೊಳ್ಳಬೇಕು, ಆಮೇಲೆ ಅಕ್ಷರ. ಮಧ್ಯಾಹ್ನ ಗೋಧಿ ನುಚ್ಚಿನ ಕೇರ್ ಉಪ್ಪಿಟ್ಟು ಬಂದ ದಿನ ಹಾಜರಿ ತುಂಬಿರುತ್ತಿತ್ತು, ಬಾರದ ದಿನ ಅರ್ಧ. ಹಾಜರಿ ಪುಸ್ತಕ ಮನೆಗೆ ತಂದಾಗ ನಾನು ಬ್ಯಾಂಕಿನವನ ಬುದ್ಧಿಯಿಂದ ಅದನ್ನು ಕೂಡಿ ಕಳೆದು ಕಂಡುಕೊಂಡ ಸತ್ಯ ಇದು.

ನಮ್ಮ ಇಬ್ಬರು ಮಕ್ಕಳ ವಿಷಯಕ್ಕೆ ಬಂದರೆ, ಸತ್ಯ ಹೇಳಿಬಿಡುತ್ತೇನೆ, ಅವರಿಗೆ ಅಮ್ಮನ ಮೇಲೆ ದೂರಿತ್ತು. ಮಗಳಿಗೆ ಗದ್ದಕಟ್ಟು ಬಂದು ಮುಖ ಊದಿಕೊಂಡಿದ್ದಾಗ ಅವಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಇವಳು ಬಸ್ಸು ಹತ್ತಿದಳು. ಶಾಲೆಯಲ್ಲಿ ಅವತ್ತು ಇನ್ನೊಬ್ಬ ಶಿಕ್ಷಕರು ರಜೆ. “ಅಮ್ಮ ಆ ಊರಿನ ಮಕ್ಕಳಿಗೆ ಅಮ್ಮ, ನಮಗೆ ಭಾನುವಾರದ ಅಮ್ಮ” ಎಂದು ಮಗ ಹೇಳುತ್ತಿದ್ದ. ಅವತ್ತು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅತ್ತಿದ್ದಳಂತೆ. ಅದನ್ನು ನನಗೆ ಹೇಳಿದ್ದು ಹದಿನೈದು ವರ್ಷಗಳ ಮೇಲೆ. ಅವತ್ತು ನಾನೊಂದು ದಿನ ರಜೆ ಹಾಕಬಹುದಾಗಿತ್ತಲ್ಲ ಎಂದು ಅವಳು ಕೇಳಲಿಲ್ಲ. ನನಗೂ ಹೊಳೆದಿರಲಿಲ್ಲ.

ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂತು. ದೊಡ್ಡವರಿಗೆ ಓದು ಬರಹ ಕಲಿಸುವ ಕೆಲಸ. ಹಳ್ಳಿಯ ಹೆಂಗಸರು ಹೊಲದ ಕೆಲಸ ಮುಗಿಸಿ, ಮುದ್ದೆ ತೊಳೆಸಿಟ್ಟು ಬರುವಷ್ಟರಲ್ಲಿ ರಾತ್ರಿ ಎಂಟು. ಇವಳು ವಾರದಲ್ಲಿ ಎರಡು ದಿನ ಅಲ್ಲೇ ಯಾರದೋ ಮನೆಯಲ್ಲಿ ಉಳಿದುಬಿಡುತ್ತಿದ್ದಳು. “ಸಾಸಿವೆ ಕಾಳು ಆರಿಸುವ ಬೆರಳು ರೀ ಅವು, ಬಳಪ ಹಿಡಿಯೋದಕ್ಕೆ ಮಾತ್ರ ನಡುಗುತ್ತವೆ” ಎನ್ನುತ್ತಿದ್ದಳು.

ಆ ಕಾಲದಲ್ಲೇ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಬೇಕು.

ಒಂದು ಸಂತೆಯ ದಿನ ಕೌಂಟರಿನ ಮುಂದೆ ಸಾಲು ಬಾಗಿಲು ದಾಟಿತ್ತು. ಅರುವತ್ತರ ಹತ್ತಿರದ ಒಬ್ಬ ಹೆಂಗಸು ಹಣ ತೆಗೆಯುವ ಚೀಟಿ ಕೊಟ್ಟಳು. ನಾನು ಅಭ್ಯಾಸದಂತೆ ಮಸಿ ಪ್ಯಾಡು ಮುಂದೆ ತಳ್ಳಿದೆ. ಆಕೆ ತಲೆಯಾಡಿಸಿ, “ಸಾಮೀ, ನಂಗೆ ಸೈನು ಬತ್ತದೆ” ಎಂದಳು. ಸೆರಗಿನ ಗಂಟಿನಿಂದ ಒಂದು ಪೆನ್ನು ತೆಗೆದಳು. ಅವಳ ಖಾತೆಯ ಕಾರ್ಡಿನಲ್ಲಿ ಇದ್ದದ್ದು ಹೆಬ್ಬೆಟ್ಟು. ಕಾರ್ಡಿನಲ್ಲಿ ಏನಿದೆಯೋ ಅದೇ ಚೀಟಿಯಲ್ಲೂ ಇರಬೇಕು, ಅದು ನಿಯಮ. ಸಹಿ ಬದಲಾಯಿಸಲು ಬೇರೆ ಅರ್ಜಿ, ಅಧಿಕಾರಿಯ ಮುಂದೆ ಹೊಸ ಮಾದರಿ ಸಹಿ, ಎಲ್ಲ ಉಂಟು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ನಾನು ಗಡಿಯಾರ ನೋಡಿದೆ. “ಬೇಗ ಬೇಗ” ಎಂದು ಅವಳ ಕೈ ಹಿಡಿದು ಪ್ಯಾಡಿಗೆ ಒತ್ತಿ, ಚೀಟಿಗೆ ಒತ್ತಿ, ಟೋಕನ್ ಕೊಟ್ಟು ಕಳಿಸಿದೆ. ಆಕೆ ಬೆರಳನ್ನು ಗೋಡೆಗೆ ಒರೆಸಲಿಲ್ಲ. ಸೀರೆಗೆ ಒರೆಸಿಕೊಂಡು ಹೋದಳು.

ಎರಡು ದಿನದ ಮೇಲೆ ನನ್ನ ಹೆಂಡತಿ ಶಾಲೆಯಿಂದ ಬಂದವಳು ಚೀಲ ಇಟ್ಟು ಸುಮ್ಮನೆ ಕೂತಳು. ಹೆಬ್ಬೆಟ್ಟಿನ ಲೆಕ್ಕ ಕೇಳಲಿಲ್ಲ. ರಾತ್ರಿ ಊಟ ಬಡಿಸುವಾಗ ಮಾತ್ರ, “ನಾಲ್ಕು ತಿಂಗಳು ತೊಗೊಂಡಳು ರೀ ಮೂರು ಅಕ್ಷರ ಕಲಿಯೋದಕ್ಕೆ” ಎಂದಳು. ನಾನು ನಿಯಮ ಹೇಳಿದೆ. ನಿಯಮ ನನ್ನ ಕಡೆಗೇ ಇತ್ತು, ಇವತ್ತಿಗೂ ಹಾಗೇ ಅನ್ನುತ್ತೇನೆ. ಅವಳು ವಾದ ಮಾಡಲಿಲ್ಲ. ನಾಲ್ಕು ದಿನ ನನ್ನೊಡನೆ ಬೇಕಾದಷ್ಟು ಮಾತ್ರ ಮಾತಾಡಿದಳು. ಮನೆಯಲ್ಲಿ ಮಕ್ಕಳಿಗೂ ಅಂದಾಜಾಯಿತು, ತಪ್ಪು ಅಪ್ಪನದೆಂದು.

ಮುಂದಿನ ಸಂತೆಗೆ ಆಕೆ ಬರಲಿಲ್ಲ. ಅದರ ಮುಂದಿನ ಸಂತೆಗೆ ಬಂದಳು. ನಾನು ಪ್ಯಾಡು ಮುಚ್ಚಿ, ಅರ್ಜಿ ತುಂಬಿ, ಅವಳನ್ನು ಅಧಿಕಾರಿಯ ಮೇಜಿಗೆ ಕರೆದೊಯ್ದೆ. ಕಾರ್ಡಿನ ಮೇಲೆ ಮೂರು ಅಕ್ಷರ ಬರೆಯಲು ಆಕೆಗೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ನೋಡಲಿಲ್ಲ. ಕೊನೆಯ ಅಕ್ಷರಕ್ಕೆ ಒತ್ತು ಕೊಡಲು ಮರೆತು, ನಾಲಿಗೆ ಕಚ್ಚಿಕೊಂಡು, ಮತ್ತೆ ಸೇರಿಸಿದಳು. ಸಂಜೆ ಮನೆಯಲ್ಲಿ ಪ್ರಶ್ನೆ ಬಂತು, “ಎಷ್ಟು?” ನಾನು “ಹದಿನೇಳು. ಕಳೆದ ಸಲದ್ದಕ್ಕಿಂತ ಒಂದು ಕಡಿಮೆ” ಎಂದೆ. ಅವತ್ತು ಶಾವಿಗೆ ಪಾಯಸ ಇತ್ತು. ಕಾರಣ ಕೇಳಲಿಲ್ಲ.

1995ರಲ್ಲಿ ಅವಳ ತಾಲ್ಲೂಕಿನಲ್ಲೇ ‘ನಲಿ ಕಲಿ’ ಶುರುವಾಯಿತು. ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಆ ಹೆಸರು ಗೊತ್ತು. ಆದರೆ ಅದು ಮೊದಲು ಹುಟ್ಟಿದ್ದು ಎಚ್.ಡಿ. ಕೋಟೆಯ ಶಿಕ್ಷಕರ ಕೈಯಲ್ಲಿ, ಯುನಿಸೆಫ್ ನೆರವಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದವರು ನಮ್ಮಲ್ಲೂ ಮಾಡೋಣವೆಂದು ಕೂತು ಕಾರ್ಡುಗಳನ್ನು ಬರೆದರು. ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುವುದು, ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೆ ಕರಿಹಲಗೆ, ತಲೆಯ ಮೇಲೆ ದಾರದ ಚಪ್ಪರದಲ್ಲಿ ಅವರು ಬಿಡಿಸಿದ ಚಿತ್ರ. ಅಕ್ಷರಗಳೂ ಅಆಇಈ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ.

ಇದನ್ನು ಕೇಳಿ ನಾನು ನಕ್ಕೆ. “ಲೆಡ್ಜರನ್ನು ನಡು ಪುಟದಿಂದ ಬರೆದ ಹಾಗಾಯಿತು” ಎಂದೆ. ಅವಳು ರಟ್ಟಿನ ಐದು ಚೂರು ನನ್ನ ಮುಂದೆ ಹಾಕಿ, “ಅಆಇಈ ಕಲಿತ ಮಗು ಮೊದಲನೇ ವಾರ ಯಾವ ಪದ ಓದುತ್ತೆ ಹೇಳಿ ನೋಡೋಣ” ಎಂದಳು. ನನಗೆ ಹೊಳೆಯಲಿಲ್ಲ. ಅವಳು ಚೂರುಗಳನ್ನು ಜೋಡಿಸುತ್ತಾ ಹೋದಳು: ಸರ. ರಸ. ದರ. ಅರಸ. ಅಗಸ. ಗರಗಸ. ಕಾಗುಣಿತವೂ ಬೇಡ, ಒತ್ತಕ್ಷರವೂ ಬೇಡ. ಐದೇ ಅಕ್ಷರದಲ್ಲಿ ಮಗು ರಾಜನನ್ನೂ ಬಟ್ಟೆ ಒಗೆಯುವವನನ್ನೂ ಓದಿಬಿಡುತ್ತದೆ. ಮಕ್ಕಳೇ, ನೀವೂ ಜೋಡಿಸಿ ನೋಡಿ, ಇನ್ನೂ ಸಿಗುತ್ತವೆ.

2014ರಲ್ಲಿ ನಿವೃತ್ತಳಾದಳು. ಆ ರಟ್ಟಿನ ಕಾರ್ಡುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಮನೆಗೆ ಬಂದವು. ಬೆಂಗಳೂರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನಮ್ಮ ಮೊಮ್ಮಗಳು ರಜೆಗೆ ಬಂದಾಗ ಅದೇ ಡಬ್ಬಿಯಿಂದ ಕನ್ನಡ ಕಲಿತಳು. ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ತಿದ್ದುವುದು, ಸರಿಯಾದರೆ ಒಂದು ಕೊಬ್ಬರಿ ಮಿಠಾಯಿ.

2018ರ ಆಗಸ್ಟಿನಲ್ಲಿ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಮುಕ್ಕಾಲು ಹೋಯಿತು. ಆಸ್ಪತ್ರೆ, ಔಷಧಿ, ಎಣ್ಣೆ ತಿಕ್ಕಿದ್ದು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೇವೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕು. ಆಟೋದಲ್ಲಿ ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ಒಳ್ಳೆಯವಳು, ಎದ್ದು ಬಂದು, “ಅಂಕಲ್, ಹೆಬ್ಬೆಟ್ಟು ಒತ್ತಿಸಿಬಿಡಿ, ಇಬ್ಬರು ಸಾಕ್ಷಿ ಹಾಕಿದರಾಯಿತು” ಎಂದಳು. ನಾನೂ ಅದನ್ನೇ ಯೋಚಿಸಿದ್ದೆ, ನಿಯಮ ನನಗೆ ಗೊತ್ತಲ್ಲ. ಪ್ಯಾಡು ಬಂತು. ನನ್ನ ಹೆಂಡತಿ ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ನಾನು ಬಿಡಿಸಲು ಹೋಗಲಿಲ್ಲ. ಒಂದು ಸಲ ಒಬ್ಬರ ಬೆರಳು ಹಿಡಿದು ಒತ್ತಿದ್ದು ಸಾಕಾಗಿತ್ತು. ಖಾಲಿ ಕಾಗದ ಹಿಡಿದುಕೊಂಡು ವಾಪಸು ಬಂದೆವು.

ದೀಪಾವಳಿಗೆ ಮೂರನೇ ತರಗತಿಯ ಮೊಮ್ಮಗಳು ಬಂದಳು. ವಿಷಯ ತಿಳಿದವಳೇ ಡಬ್ಬಿ ಇಳಿಸಿ, ತಟ್ಟೆಗೆ ರಾಗಿ ಹರಡಿ ಅಜ್ಜಿಯ ಎಡಗೈ ಹಿಡಿದಳು. “ಅಜ್ಜಿ, ಮೇಲಿನಿಂದ ಶುರು ಮಾಡಬೇಕು. ನೀನೇ ಹೇಳಿದ್ದು.” ರ, ಗ, ಸ, ದ, ಅ. ಮಿಠಾಯಿಯನ್ನೂ ಕೊಟ್ಟಳು. ಊರಿಗೆ ಹೋದ ಮೇಲೆ ದಿನಾ ಸಂಜೆ ಫೋನಿನಲ್ಲಿ ತಪಾಸಣೆ. ನಾನು ತಟ್ಟೆಯನ್ನು ಫೋನಿಗೆ ತೋರಿಸುವ ಜವಾನ. ಅಜ್ಜಿ ಬೇಕೆಂದೇ ತಪ್ಪು ಮಾಡಿ ನಗುವಷ್ಟು ಚೇತರಿಸಿಕೊಂಡಳು.

ನವೆಂಬರ್ ಕೊನೆಯ ವಾರ ಮತ್ತೆ ಹೋದೆವು. ಹೊಸ ಮಾದರಿ ಸಹಿಯ ಅರ್ಜಿಯನ್ನು ನಾನೇ ಕೇಳಿ ಪಡೆದೆ. ಅವಳು ಎಡಗೈಯಲ್ಲಿ ಪೆನ್ನು ಹಿಡಿದು ಬರೆಯತೊಡಗಿದಳು. ಹಿಂದೆ ಯಾರೋ, “ಬೇಗ ಆಗಲಿ” ಎಂದರು. ಆ ದನಿ ನನಗೆ ಚೆನ್ನಾಗಿ ಪರಿಚಯ, ಒಂದು ಕಾಲಕ್ಕೆ ಅದು ನನ್ನದೇ. ಅಕ್ಷರಗಳು ಮಳೆಗೆ ನೆನೆದ ಕೋಳಿಮರಿಗಳ ಹಾಗೆ ಒಂದಕ್ಕೊಂದು ಆನಿಕೊಂಡು ನಿಂತಿದ್ದವು. ಆದರೆ ಯಾರಾದರೂ ಓದಬಹುದಿತ್ತು. ಮನೆಗೆ ಬರುವಾಗ ಆಟೋದಲ್ಲಿ ನನ್ನ ತೋಳು ತಟ್ಟಿ, ಎಡಗೈಯ ಹೆಬ್ಬೆರಳೆತ್ತಿ, ಅಡ್ಡಡ್ಡ ಆಡಿಸಿದಳು. ಒಂದೂ ಇಲ್ಲ ಎಂದು.

ಅವಳು ಹೋಗಿ ಈ ಆಷಾಢಕ್ಕೆ ಮೂರು ವರ್ಷ. ಡಬ್ಬಿ ಈಗ ಮೊಮ್ಮಗಳ ಕಪಾಟಿನಲ್ಲಿದೆ. ಅವರ ಮನೆ ಕೆಲಸದಾಕೆಯ ಪುಟ್ಟ ಮಗನಿಗೆ ಅವಳು ಅದರಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ‘ದ’ ಕಾರ್ಡು ಕಳೆದುಹೋಗಿದೆ ಎಂದು ಫೋನು ಬಂತು. ನಾನು ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಅಂಚೆಗೆ ಹಾಕಿದೆ. ತಲುಪಿತಂತೆ. “ತಾತ, ನಿನ್ನ ಅಕ್ಷರ ಅಜ್ಜಿಯಷ್ಟು ದುಂಡಗಿಲ್ಲ, ಇನ್ನೊಂದು ಸಲ ಬರೆದು ಕಳಿಸು” ಎಂದಳು. ನಾಳೆ ಕಳಿಸಬೇಕು.